ಉಪ್ಪುಗಾಳಿಯಲ್ಲಿ ಬ್ಯಾಟರಿ ಫೋರ್ಕ್‌ಲಿಫ್ಟ್: ಬ್ಯಾಟರಿಯಿಂದ ಸೆನ್ಸರ್‌ವರೆಗೆ ಮೀಟರ್ ಹಿಡಿದು ಹೋಗುವ ದಾರಿ

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳು ಮೀನಿಗೆ ಹೋಗುವಂತಿಲ್ಲ. ಕಾರವಾರದ ಬೈತಖೋಲ ಬಂದರಿನಲ್ಲಿ ದೋಣಿಗಳು ಹಗ್ಗ ಬಿಗಿದುಕೊಂಡು ನಿಂತ ಹಾಗೆಯೇ ಮೀನು ಶೆಡ್ಡುಗಳ ಮೂಲೆಯಲ್ಲಿ ಮಾಲು ಎತ್ತುವ ಬ್ಯಾಟರಿ ಫೋರ್ಕ್‌ಲಿಫ್ಟ್‌ಗಳೂ ಟಾರ್ಪಾಲು ಹೊದ್ದು ನಿಂತಿರುತ್ತವೆ. ಆಗಸ್ಟ್ ಮೊದಲ ವಾರ ನನ್ನ ಫೋನಿಗೆ ಪುರಸೊತ್ತಿಲ್ಲ. "ಅಣ್ಣಾ, ಕೀ ಹಾಕಿದ್ರೆ ಲೈಟ್ ಬತ್ತದೆ, ಗಾಡಿ ಮಾತ್ರ ಹಂದೂದಿಲ್ಲ." ಹತ್ತು ಕಡೆಯಿಂದ ಇದೇ ಮಾತು. ಅದರ ಬೆನ್ನಿಗೇ ಮಾಲೀಕರ ಪ್ರಶ್ನೆ: "ಕಂಟ್ರೋಲರ್ ಹೋಗಿರಬೇಕಲ್ವಾ?"

ಮೋಟಾರಿಗೆ ಕರೆಂಟು ಅಳೆದು ಕೊಡುವ ಪೆಟ್ಟಿಗೆ ಈ ಕಂಟ್ರೋಲರ್. ಅದು ಹೋಗಿರುವುದು ಅಪರೂಪ. ನಾನೂ ಶುರುವಿನ ವರ್ಷಗಳಲ್ಲಿ ಅದನ್ನೇ ಮೊದಲು ಬಿಚ್ಚುತ್ತಿದ್ದೆ. ಒಮ್ಮೆ ಅಂಕೋಲಾ ಕಡೆಯ ಒಂದು ಶೆಡ್ಡಿನಲ್ಲಿ ಕಂಟ್ರೋಲರ್ ಬದಲಿಸಿಯೇ ಬಿಟ್ಟೆ. ಹೊಸದು ಹಾಕಿದರೂ ಗಾಡಿ ಅಲ್ಲಾಡಲಿಲ್ಲ. ಕೊನೆಗೆ ಸಿಕ್ಕಿದ್ದು ಹ್ಯಾಂಡ್‌ಬ್ರೇಕಿನ ಬುಡದ ಪುಟ್ಟ ಮೈಕ್ರೋಸ್ವಿಚ್, ಅದರ ಕಾಲುಗಳ ಮೇಲೆ ಹಸಿರು ಕಿಲುಬು. ಆ ಕಂಟ್ರೋಲರಿನ ದುಡ್ಡಿನ ವಿಷಯ ಇಲ್ಲಿ ಬೇಡ. ಅಂದಿನಿಂದ ಗಾಡಿಯ ಹತ್ತಿರ ಹೋದರೆ ಒಂದು ಕ್ರಮ ಬಿಡುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಲ್ಟಿಮೀಟರ್ ಹಿಡಿಯಲು ಬರುವ ಎಲೆಕ್ಟ್ರಿಷಿಯನ್ನರಿಗೆ, ಶೆಡ್ಡಿನ ಮೇಲ್ವಿಚಾರಕರಿಗೆ ಇಷ್ಟು ಸಾಕಾಗಬಹುದು.

ಗಾಡಿಯೊಳಗೆ ಎರಡು ದಾರಿ

ಬ್ಯಾಟರಿ ಫೋರ್ಕ್‌ಲಿಫ್ಟಿನಲ್ಲಿ ಕರೆಂಟಿಗೆ ಎರಡು ದಾರಿಗಳಿವೆ. ಒಂದು ದಪ್ಪ ಕೇಬಲಿನದು: ಬ್ಯಾಟರಿ, ದೊಡ್ಡ ಕನೆಕ್ಟರ್, ಮುಖ್ಯ ಫ್ಯೂಸ್, ಕಾಂಟಾಕ್ಟರ್ (ಕಾಯಿಲಿನ ಬಲದಿಂದ ಮುಚ್ಚುವ ದೊಡ್ಡ ಸ್ವಿಚ್), ಕಂಟ್ರೋಲರ್, ಮೋಟಾರ್. ಇದರಲ್ಲಿ ನೂರಾರು ಆಂಪಿಯರ್ ಹರಿಯುತ್ತದೆ. ಇನ್ನೊಂದು ಸಣ್ಣ ವೈರಿನದು: ಕೀ, ಸೀಟ್ ಸ್ವಿಚ್, ಹ್ಯಾಂಡ್‌ಬ್ರೇಕ್ ಸ್ವಿಚ್, ಮುಂದೆ-ಹಿಂದೆ ಸ್ವಿಚ್, ಪೆಡಲ್ ಸೆನ್ಸರ್, ಮೋಟಾರಿನ ವೇಗ ಮತ್ತು ಶಾಖ ಹೇಳುವ ಸೆನ್ಸರ್‌ಗಳು. ಇಲ್ಲಿ ಹರಿಯುವುದು ಮಿಲಿಆಂಪಿಯರ್ ಲೆಕ್ಕದ ಕರೆಂಟು. ದಪ್ಪ ಕೇಬಲ್ ಕೆಲಸ ಮಾಡುತ್ತದೆ, ಸಣ್ಣ ವೈರ್ ಅಪ್ಪಣೆ ಕೊಡುತ್ತದೆ. ಡ್ರೈವರ್ ಕೂತಿದ್ದಾನೆಯೇ, ಬ್ರೇಕ್ ಬಿಟ್ಟಿದೆಯೇ, ಕಾಲು ಎಷ್ಟು ಒತ್ತಿದೆ, ಮೋಟಾರ್ ಬಿಸಿಯಾಗಿದೆಯೇ ಎಂದು ಕಂಟ್ರೋಲರ್ ಒಬ್ಬೊಬ್ಬರನ್ನೇ ಕೇಳುತ್ತದೆ. ಎಲ್ಲರೂ ಹೂಂ ಅಂದರೆ ಮಾತ್ರ ಮೋಟಾರಿಗೆ ಕರೆಂಟು.

ದಪ್ಪ ಕೇಬಲಿನ ನೆಟ್ಟಿನ ಮೇಲೆ ಸ್ವಲ್ಪ ಕಿಲುಬು ಕೂತರೆ ಅದು ಬಿಸಿಯಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಸಣ್ಣ ವೈರಿನ ಪಿನ್ನಿನಲ್ಲಿ ಅದೇ ಕಿಲುಬು ಕೂತರೆ ಬಿಸಿಯೂ ಇಲ್ಲ, ವಾಸನೆಯೂ ಇಲ್ಲ. ಸಿಗ್ನಲ್ ಮಾತ್ರ ಸುಳ್ಳು ಹೇಳತೊಡಗುತ್ತದೆ. ನಮ್ಮ ಕಡೆ ಉಪ್ಪುಗಾಳಿಗೆ ಮೊದಲ ಬಲಿ ಈ ಸಣ್ಣ ವೈರುಗಳೇ.

ಮುಟ್ಟುವ ಮೊದಲು

ಕೈಯ ಉಂಗುರ, ಕಡಗ, ಲೋಹದ ವಾಚು ತೆಗೆದಿಡಿ. 48 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಒಣ ಕೈಗೆ ಸರಿ ಇರಬಹುದು, ಮೀನಿನ ನೀರು ಮೆತ್ತಿದ ಕೈಗೆ ಸರಿಯಲ್ಲ. ಅದಕ್ಕಿಂತ ದೊಡ್ಡ ಭಯ ಶಾರ್ಟ್‌ನದು. ಈ ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಕಬ್ಬಿಣವೇ ಕರಗುತ್ತದೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಟ್ಟುಕೊಳ್ಳಿ.

ಫೋರ್ಕನ್ನು ನೆಲಕ್ಕಿಳಿಸಿ. ಡ್ರೈವ್ ಚಕ್ರವನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಮರದ ದಿಮ್ಮಿ ಕೊಡಿ. ಪರೀಕ್ಷೆಯ ನಡುವೆ ಗಾಡಿ ತಟ್ಟನೆ ಓಡಿದರೆ ಗೋಡೆಯೂ ಉಳಿಯದು, ಮುಂದೆ ನಿಂತವರೂ ಉಳಿಯರು.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಬ್ಯಾಟರಿ ಕನೆಕ್ಟರ್ ಬಿಚ್ಚಿದರೂ ಕಂಟ್ರೋಲರಿನೊಳಗಿನ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ಕನೆಕ್ಟರ್ ಬಿಚ್ಚಿ ಕೆಲವು ನಿಮಿಷ ಕಾಯಿರಿ. ಆಮೇಲೆ ಕಂಟ್ರೋಲರಿನ ಪ್ಲಸ್-ಮೈನಸ್ ನಡುವೆ ಮೀಟರ್ ಇಟ್ಟು, ವೋಲ್ಟೇಜ್ ಸೊನ್ನೆಯ ಹತ್ತಿರ ಬಂದಿದೆಯೆಂದು ನೋಡಿಯೇ ಸ್ಪ್ಯಾನರ್ ಹಚ್ಚಿ.

ಡಿಸ್‌ಪ್ಲೇಯಲ್ಲಿ ತಪ್ಪಿನ ಕೋಡ್ ಬಂದಿದ್ದರೆ, ಅಥವಾ ಕಂಟ್ರೋಲರಿನ ಪುಟ್ಟ ದೀಪ ಲೆಕ್ಕ ಹಾಕಿ ಮಿನುಗುತ್ತಿದ್ದರೆ, ಕೀ ತೆಗೆಯುವ ಮೊದಲೇ ಫೋಟೋ ತೆಗೆದುಕೊಳ್ಳಿ. ಕೋಡ್ ಯಾವ ದಾರಿಯಲ್ಲಿ ಹುಡುಕಬೇಕೆಂದು ಹೇಳುತ್ತದೆ. ಕೆಟ್ಟ ಭಾಗ ಇದೇ ಎಂದು ಬೆರಳು ತೋರಿಸುವುದಿಲ್ಲ. "ಪೆಡಲ್ ದೋಷ" ಎಂಬ ಕೋಡಿಗೆ ಪೆಡಲ್ಲೇ ಕಾರಣವಾಗಬೇಕೆಂದಿಲ್ಲ. ಮುಂದೆ ಹೇಳುತ್ತೇನೆ.

ಬ್ಯಾಟರಿ

48 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಯಲ್ಲಿ 2 ವೋಲ್ಟಿನ 24 ಸೆಲ್ಲುಗಳು. ಗೋದಾಮಿನ ಸಣ್ಣ ಸ್ಟ್ಯಾಕರ್ 24 ವೋಲ್ಟಿನದಾದರೆ 12 ಸೆಲ್, ದೊಡ್ಡ 80 ವೋಲ್ಟಿನದಕ್ಕೆ 40. ಬ್ಯಾಟರಿಯ ಭಾರವೇ ಗಾಡಿಯ ಹಿಂಬದಿಗೆ ತೂಕ ಕೊಡುವುದರಿಂದ, "ಹಗುರದ್ದು ಸಿಕ್ತು" ಎಂದು ಬೇರೆ ಬ್ಯಾಟರಿ ತಂದು ಇಟ್ಟರೆ ಮಾಲು ಎತ್ತುವಾಗ ಗಾಡಿ ಮುಗ್ಗರಿಸುತ್ತದೆ.

ಗಾಡಿ ಸುಮ್ಮನೆ ನಿಂತಿರುವಾಗ ಸೆಲ್ಲಿನ ವೋಲ್ಟೇಜನ್ನು ಅಂದಾಜು ಮಾಡಲು ಹಳೆಯ ಲೆಕ್ಕವೊಂದಿದೆ: ಹೈಡ್ರೋಮೀಟರ್ ತೋರಿಸುವ ಗ್ರಾವಿಟಿಗೆ (ಆಸಿಡ್ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬ ಅಂಕಿಗೆ) 0.84 ಕೂಡಿಸಿ. ತುಂಬಿದ ಸೆಲ್ಲಿನ ಗ್ರಾವಿಟಿ ಸುಮಾರು 1.280, ಅಂದರೆ 2.12 ವೋಲ್ಟ್, 24 ಸೆಲ್ಲಿಗೆ 51ರ ಹತ್ತಿರ. ಗ್ರಾವಿಟಿ 1.140ಕ್ಕೆ ಇಳಿದರೆ 1.98, ಒಟ್ಟು 47.5ರ ಆಸುಪಾಸು. ತುಂಬಿದ್ದಕ್ಕೂ ಖಾಲಿಯಾದದ್ದಕ್ಕೂ ನಡುವೆ ಇರುವುದು ಮೂರೂವರೆ ವೋಲ್ಟು ಮಾತ್ರ. ಹಾಗಾಗಿ "48 ತೋರಿಸ್ತದೆ, ಬ್ಯಾಟರಿ ಚೆನ್ನಾಗದೆ" ಎನ್ನುವ ಮಾತು ನಂಬಬೇಡಿ. 48 ತೋರಿಸುವ ಬ್ಯಾಟರಿ ಹಸಿದಿದೆ.

ನಿಂತಾಗಿನ ವೋಲ್ಟೇಜಿಗಿಂತ ದುಡಿಯುವಾಗಿನದು ಮುಖ್ಯ. ಖಾಲಿ ಫೋರ್ಕನ್ನು ಮೇಲಕ್ಕೆತ್ತಿ ಮಾಸ್ಟ್ (ಫೋರ್ಕ್ ಏರುವ ಕಂಬ) ತುದಿಗೆ ಬಡಿದು ನಿಂತ ಮೇಲೂ ಲಿವರನ್ನು ಎರಡು ಕ್ಷಣ ಹಿಡಿಯಿರಿ; ಪಂಪ್ ಮೋಟಾರಿಗೆ ಪೂರ್ತಿ ಹೊರೆ ಬೀಳುತ್ತದೆ. ಹೀಗೆ ಮತ್ತೆ ಮತ್ತೆ ಮಾಡುತ್ತಾ ಒಂದೊಂದೇ ಸೆಲ್ಲಿನ ಮೇಲೆ ಮೀಟರ್ ಇಡಿ. ಉಳಿದ ಸೆಲ್ಲುಗಳು 1.9ರಲ್ಲಿದ್ದು ಒಂದು ಮಾತ್ರ 1.7ಕ್ಕಿಂತ ಕೆಳಗೆ ಜಾರಿದರೆ ಕಳ್ಳ ಅದೇ.

ಗಾಡಿ ಓಡುತ್ತದೆ, ಮಾಲು ಮಾತ್ರ ಎತ್ತುವುದಿಲ್ಲ ಎಂದರೆ ಹೈಡ್ರಾಲಿಕ್ ಎಣ್ಣೆಗೆ ಕೈ ಹಾಕುವ ಮೊದಲು ಬ್ಯಾಟರಿ ಮೀಟರ್ ನೋಡಿ. ಶೇ. 80 ಖರ್ಚಾದ ಮೇಲೆ ಬಹಳಷ್ಟು ಗಾಡಿಗಳು ಎತ್ತುವ ಕೆಲಸವನ್ನು ತಾವಾಗಿಯೇ ನಿಲ್ಲಿಸುತ್ತವೆ, ಚಾರ್ಜರ್‌ವರೆಗೆ ಹೋಗುವಷ್ಟು ಓಟ ಮಾತ್ರ ಉಳಿಸುತ್ತವೆ. ಬ್ಯಾಟರಿ ಕಾಯಲೆಂದೇ ಹಾಗೆ ಮಾಡಿದ್ದು. ಅದನ್ನು ಬೈಪಾಸ್ ಮಾಡಿಕೊಡಿ ಎಂದು ಕೇಳುವವರಿದ್ದಾರೆ, ನಾನು ಮಾಡುವುದಿಲ್ಲ.

ನೀರು ಹಾಕುವುದು ಚಾರ್ಜ್ ಮುಗಿದ ಮೇಲೆ, ಅದೂ ಡಿಸ್ಟಿಲ್ಡ್ ವಾಟರ್ ಮಾತ್ರ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಶೇ. 4ರಷ್ಟಾದರೆ ಒಂದು ಕಿಡಿ ಸಾಕು. ಮಳೆ ಒಳಗೆ ಬರುತ್ತದೆಂದು ಚಾರ್ಜಿಂಗ್ ಕೋಣೆಯ ಕಿಟಕಿ ಮುಚ್ಚಿ ಬೀಡಿ ಹಚ್ಚಿಕೊಂಡು ಕೂತವರನ್ನು ನೋಡಿದ್ದೇನೆ.

ಕರಾವಳಿಯವರು ಮಾಡಲೇಬೇಕಾದ ಇನ್ನೊಂದು ಪರೀಕ್ಷೆ ಸೋರಿಕೆಯದು. ಕಾರಿನಲ್ಲಿ ಮೈನಸ್ಸು ಗಾಡಿಯ ಲೋಹದ ಮೈಗೆ, ಅಂದರೆ ಬಾಡಿಯ ಜೊತೆ, ಸೇರಿರುತ್ತದೆ. ಫೋರ್ಕ್‌ಲಿಫ್ಟಿನಲ್ಲಿ ಹಾಗಲ್ಲ, ಪ್ಲಸ್ಸೂ ಮೈನಸ್ಸೂ ಬಾಡಿಯನ್ನು ಮುಟ್ಟಬಾರದು. ಆದರೆ ಸೆಲ್ಲುಗಳ ತಲೆಯ ಮೇಲೆ ಉಕ್ಕಿದ ಆಸಿಡ್, ಅದರ ಮೇಲೆ ಉಪ್ಪಿನ ತೇವ, ಮೇಲೊಂದು ಪದರ ಧೂಳು ಸೇರಿದರೆ ಬ್ಯಾಟರಿಯಿಂದ ಪೆಟ್ಟಿಗೆಗೆ ದಾರಿಯಾಗುತ್ತದೆ. ಬಣ್ಣ ಇಲ್ಲದ ಒಂದು ಬೋಲ್ಟಿಗೆ ಮೀಟರಿನ ಒಂದು ಕಡ್ಡಿ, ಬ್ಯಾಟರಿಯ ಪ್ಲಸ್ಸಿಗೆ ಇನ್ನೊಂದು, ಆಮೇಲೆ ಮೈನಸ್ಸಿಗೆ. ಪ್ಲಸ್ಸಿಗೂ ಲೋಹದ ಮೈಗೂ ನಡುವೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಬಂದು ನಿಂತರೆ ಸೋರಿಕೆ ಮೈನಸ್ ಬದಿಯಲ್ಲಿದೆ. ಮುಚ್ಚಳಗಳನ್ನು ಬಿಗಿ ಮಾಡಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಶುದ್ಧ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ಒಣಗಿಸಿ. ಸೋಡಾ ನೀರು ಸೆಲ್ಲಿನೊಳಗೆ ಹೋಗಬಾರದು. ಕಾರಣ ಗೊತ್ತಾಗದ ಎಷ್ಟೋ ವಿಚಿತ್ರ ಕೋಡ್‌ಗಳು ಇಷ್ಟಕ್ಕೇ ಮಾಯವಾಗಿದ್ದುಂಟು.

ಕೀ ತಿರುಗಿಸಿದಾಗ "ಟಕ್" ಎನ್ನುತ್ತದೆಯೇ?

ಎಮರ್ಜೆನ್ಸಿ ಗುಂಡಿ ಮೇಲಕ್ಕೆದ್ದಿದೆಯೇ ನೋಡಿ. ನಗಬೇಡಿ, ಐಸ್ ಬಾಕ್ಸ್ ತಾಗಿ ಒತ್ತಿಹೋಗಿದ್ದ ಗುಂಡಿಗಾಗಿ ನಾನು ಕಾರವಾರದಿಂದ ಭಟ್ಕಳದವರೆಗೆ ಹೋಗಿ ಬಂದಿದ್ದೇನೆ.

ಕೀ ತಿರುಗಿಸಿದ ಕೂಡಲೇ ಮೊದಲು ಸಣ್ಣ ಕರೆಂಟು ರೆಸಿಸ್ಟರಿನ ಮೂಲಕ ಕೆಪಾಸಿಟರ್‌ಗಳನ್ನು ತುಂಬುತ್ತದೆ, ಆಮೇಲೆ ಕಾಂಟಾಕ್ಟರ್ "ಟಕ್" ಎಂದು ಮುಚ್ಚುತ್ತದೆ. ಕೆಲವು ಗಾಡಿಗಳಲ್ಲಿ ಸೀಟಿನಲ್ಲಿ ಕೂತ ಮೇಲೆ ಸದ್ದು. ಮೊದಲಿನ ಆ ತುಂಬುವಿಕೆ ಆಗದಿದ್ದರೆ ಕಾಂಟಾಕ್ಟರ್ ಮುಚ್ಚುವಾಗ ಒಮ್ಮೆಲೇ ಕರೆಂಟು ನುಗ್ಗಿ, ಕಿಡಿ ಹಾರಿ, ತುದಿಗಳು ಅಂಟಿಕೊಳ್ಳುತ್ತವೆ.

ಸದ್ದು ಬಾರದಿದ್ದರೆ ಕಾಂಟಾಕ್ಟರಿನ ಕಾಯಿಲಿಗೆ ವೋಲ್ಟೇಜ್ ಬರುತ್ತಿದೆಯೇ ಅಳೆಯಿರಿ. ಬರುತ್ತಿದ್ದೂ ಎಳೆಯದಿದ್ದರೆ ಕಾಯಿಲ್ ಹೋಗಿದೆ. ಬರುತ್ತಿಲ್ಲವೆಂದರೆ ದೋಷ ಹಿಂದಿದೆ: ಕೀ ಸ್ವಿಚ್, ಸಣ್ಣ ಫ್ಯೂಸ್, ಸೀಟ್ ಸ್ವಿಚ್. ಕಾಯಿಲಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟು ನೋಡುವ ಚಾಳಿ ಬಿಡಿ. 48 ವೋಲ್ಟಿನ ಗಾಡಿಯಲ್ಲೂ 24 ವೋಲ್ಟಿನ ಕಾಯಿಲ್ ಇರಬಹುದು, ಕಂಟ್ರೋಲರ್ ತಾನೇ ತಗ್ಗಿಸಿ ಕೊಡುತ್ತಿರುತ್ತದೆ.

ಸದ್ದು ಬರುತ್ತದೆ, ಗಾಡಿಗೆ ಶಕ್ತಿ ಇಲ್ಲ ಎಂದಾದರೆ ಮುಚ್ಚಿದ ಕಾಂಟಾಕ್ಟರಿನ ಎರಡು ದೊಡ್ಡ ಬೋಲ್ಟುಗಳ ನಡುವೆ, ಮೋಟಾರ್ ದುಡಿಯುವಾಗ, ವೋಲ್ಟೇಜ್ ನೋಡಿ. ಅದು ಮಿಲಿವೋಲ್ಟ್ ಲೆಕ್ಕದಲ್ಲಿರಬೇಕು. ಅರ್ಧ ವೋಲ್ಟ್ ಬಂದರೆ 200 ಆಂಪಿಯರ್ ಹರಿವಾಗ 100 ವ್ಯಾಟ್ ಶಾಖ ಅಲ್ಲೇ ಸುಡುತ್ತಿದೆ ಎಂದರ್ಥ. ಬ್ಯಾಟರಿ ಕನೆಕ್ಟರಿನ ಲಗ್ಗುಗಳಿಗೂ (ಕೇಬಲಿನ ತುದಿಗೆ ಕೂಡಿಸಿದ ಲೋಹದ ತುಂಡುಗಳಿಗೂ) ಇದೇ ಪರೀಕ್ಷೆ.

ಅಪ್ಪಣೆ ಕೊಡುವವರು

ಈಗ ಸಣ್ಣ ವೈರುಗಳು. ಇಲ್ಲಿ ಅವಸರ ಮಾಡಬೇಡಿ.

ಮೊದಲು ಡ್ರೈವರನನ್ನೇ ನೋಡಿ. ಪೆಡಲ್ ಒತ್ತಿಕೊಂಡೇ ಕೀ ತಿರುಗಿಸಿದರೆ, ಅಥವಾ ಮುಂದೆ-ಹಿಂದೆ ಲಿವರ್ ಹಾಕಿಟ್ಟು ಸೀಟಿಗೆ ಹತ್ತಿದರೆ ಕಂಟ್ರೋಲರ್ ಬೇಕೆಂದೇ ಹೊರಡುವುದಿಲ್ಲ. ಗಾಡಿ ತಟ್ಟನೆ ಜಿಗಿಯಬಾರದೆಂದು ಹಾಕಿದ ಕಟ್ಟುಪಾಡು ಅದು. ಕಾಲು ತೆಗೆದು, ಲಿವರ್ ನ್ಯೂಟ್ರಲ್ಲಿಗೆ ತಂದು, ಕೀ ತೆಗೆದು, ಮತ್ತೆ ಕ್ರಮವಾಗಿ ಹಾಕಲಿ. ಹೊಸ ಹುಡುಗರು ಕೆಲಸಕ್ಕೆ ಸೇರಿದ ವಾರ ಈ ಒಂದೇ ಮಾತನ್ನು ಫೋನಿನಲ್ಲಿ ಹೇಳಿ ಗಾಡಿ ಓಡಿಸಿದ್ದೇನೆ.

ಸೀಟ್ ಸ್ವಿಚ್ಚು ನಮ್ಮ ಕಡೆ ಬೇಗ ಸಾಯುವ ಭಾಗ. ಐಸಿನ ನೀರು ಸೋರುವ ಬಟ್ಟೆಯಲ್ಲೇ ಹುಡುಗರು ಕೂರುತ್ತಾರೆ, ಸೀಟಿನ ಹರಿದ ರೆಕ್ಸಿನ್ ಅದನ್ನೆಲ್ಲ ಹೀರಿ ಕೆಳಗಿಳಿಸುತ್ತದೆ. ಚಿರೆಕಲ್ಲಿನ ಅಂಗಳದಲ್ಲಿ ಗಾಡಿ ಕುಲುಕಿದಾಗಲೆಲ್ಲ ನಿಂತು ನಿಂತು ಹೋಗುತ್ತಿದ್ದರೆ ಮೊದಲು ಸೀಟ್ ಎತ್ತಿ ನೋಡಿ. ಸ್ವಿಚ್ಚನ್ನು ಶಾರ್ಟ್ ಮಾಡಿ ಗಾಡಿ ಓಡಿಸುವುದು ಬೇಡ. ಡ್ರೈವರ್ ಕೆಳಗಿಳಿದ ಮೇಲೂ ಗಾಡಿ ಚಲಿಸುವಂತಾಗುತ್ತದೆ.

ಇಂಥ ಸ್ವಿಚ್ಚುಗಳಲ್ಲಿ ಡಿಜಿಟಲ್ ಮೀಟರ್ ನಮ್ಮನ್ನು ಮೋಸ ಮಾಡುತ್ತದೆ. ಕಿಲುಬು ಹಿಡಿದ ಸ್ವಿಚ್ಚಿನಾಚೆ ಮೀಟರ್ ಇಟ್ಟರೆ ಪೂರ್ತಿ 48 ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟು ಏನೂ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲೇ ಸಣ್ಣ 48 ವೋಲ್ಟಿನ ಬಲ್ಬ್ ಸಿಕ್ಕಿಸಿ ನೋಡಿ. ವೋಲ್ಟೇಜ್ ಕುಸಿದು ಬಲ್ಬ್ ಮಿಣುಕಿದರೆ ಸ್ವಿಚ್ ಹೋಗಿದೆ. ಆದರೆ ಈ ಬಲ್ಬನ್ನು ಸ್ವಿಚ್ಚುಗಳ ಮೇಲೆ ಮಾತ್ರ ಬಳಸಿ, 5 ವೋಲ್ಟಿನ ಸೆನ್ಸರ್ ವೈರಿಗೆ ಹಚ್ಚಿದರೆ ಸೆನ್ಸರೂ ಹೋಗುತ್ತದೆ, ಕಂಟ್ರೋಲರೂ ಹೋಗಬಹುದು.

ಪೆಡಲ್ ಸೆನ್ಸರ್ ಎರಡು ಬಗೆ. ಹಳೆಯದರಲ್ಲಿ 5 ಕಿಲೋಓಮಿನ ಪಾಟ್, ರೇಡಿಯೋದ ವಾಲ್ಯೂಮ್ ಗುಂಡಿಯ ಅಣ್ಣ. ಹೊಸದರಲ್ಲಿ ಅಯಸ್ಕಾಂತದ ಚಲನೆ ಓದುವ ಹಾಲ್ ಸೆನ್ಸರ್, ಉಜ್ಜುವ ಭಾಗವೇ ಇಲ್ಲ. ಎರಡರಲ್ಲೂ ಪರೀಕ್ಷೆ ಒಂದೇ ತೆರ: ಸಿಗ್ನಲ್ ವೈರ್ ಮತ್ತು ಸೆನ್ಸರಿನ ಮೈನಸ್ ನಡುವೆ ಮೀಟರ್ ಇಟ್ಟು ಪೆಡಲನ್ನು ಬಹಳ ನಿಧಾನವಾಗಿ ಒತ್ತಿ. ವೋಲ್ಟೇಜ್ ಏರುಪೇರಿಲ್ಲದೆ ಹತ್ತಬೇಕು. ಹಾಲ್ ಸೆನ್ಸರಿನಲ್ಲಿ ಅರ್ಧ ವೋಲ್ಟಿನ ಆಸುಪಾಸಿನಿಂದ ನಾಲ್ಕೂವರೆವರೆಗೆ ಹೋಗುವುದು ಸಾಮಾನ್ಯ. ನಿಮ್ಮ ಗಾಡಿಯ ನಿಖರ ಅಂಕಿ ಪುಸ್ತಕದಲ್ಲಿದೆ. ಕೆಳಗೂ ಮೇಲೂ ಒಂದಿಷ್ಟು ಜಾಗ ಬಿಟ್ಟಿರುವುದು ಸುಮ್ಮನಲ್ಲ. ಸಿಗ್ನಲ್ ಸೊನ್ನೆಗೆ ಬಿದ್ದರೆ ವೈರ್ ತುಂಡಾಗಿದೆ, ಐದಕ್ಕೆ ಹೋದರೆ ಶಾರ್ಟ್ ಆಗಿದೆ ಎಂದು ಕಂಟ್ರೋಲರಿಗೆ ಗೊತ್ತಾಗಲೆಂದು. ಪಾಟಿನಲ್ಲಿ ಸವೆದ ಜಾಗ ಹುಡುಕಲು ಮುಳ್ಳಿನ ಹಳೆಯ ಮೀಟರೇ ಒಳ್ಳೆಯದು. ಮುಳ್ಳು ಒಂದು ಕಡೆ ನಡುಗಿದ್ದು ಕಣ್ಣಿಗೆ ಕಾಣುತ್ತದೆ, ಡಿಜಿಟಲ್ ಅಂಕಿ ಬದಲಾಗುವಷ್ಟರಲ್ಲಿ ಆ ಜಾಗ ದಾಟಿರುತ್ತದೆ.

ಪೆಡಲ್ ಕೋಡ್ ಬಂದರೂ ಪೆಡಲ್ ಕಾರಣವಲ್ಲದಿರಬಹುದು ಎಂದೆನಲ್ಲ, ಅದು ಹೀಗೆ. ಹಲವು ಗಾಡಿಗಳಲ್ಲಿ ಒಂದೇ 5 ವೋಲ್ಟಿನ ವೈರ್ ಪೆಡಲ್, ಸ್ಟೀರಿಂಗ್ ಸೆನ್ಸರ್, ಕೆಲವೊಮ್ಮೆ ಮೋಟಾರಿನ ವೇಗ ಹೇಳುವ ಎನ್‌ಕೋಡರ್ ಎಲ್ಲಕ್ಕೂ ಹಂಚಿ ಹೋಗಿರುತ್ತದೆ. ಮೋಟಾರಿನ ಹತ್ತಿರದ ಕನೆಕ್ಟರಿನಲ್ಲಿ ಉಪ್ಪುನೀರು ತುಂಬಿ ಆ 5 ವೋಲ್ಟ್ 2ಕ್ಕೆ ಇಳಿದರೆ ಮೊದಲು ಕೂಗುವುದು ಪೆಡಲ್. ಹೊಸ ಪೆಡಲ್ ತಂದರೂ ಅದೇ ಕೂಗು. ಸೆನ್ಸರ್‌ಗಳ ಪ್ಲಗ್ಗುಗಳನ್ನು ಒಂದೊಂದಾಗಿ ಬಿಚ್ಚುತ್ತಾ 5 ವೋಲ್ಟಿನ ಮೇಲೆ ಕಣ್ಣಿಡಿ. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಚಂಗನೆ ಮೇಲೇರುತ್ತದೋ ದೋಷ ಆ ಕೊಂಬೆಯಲ್ಲಿದೆ. ಬಿಚ್ಚುವುದೂ ಸಿಕ್ಕಿಸುವುದೂ ಕೀ ತೆಗೆದ ಮೇಲೆ, ವೋಲ್ಟೇಜ್ ನೋಡುವುದು ಮತ್ತೆ ಕೀ ಹಾಕಿ.

ಮೋಟಾರಿನ ಕಿವಿ

ಇಂದಿನ ಗಾಡಿಗಳಲ್ಲಿ ಕಾರ್ಬನ್ ಬ್ರಶ್ ಇಲ್ಲದ ಮೂರು ಫೇಸಿನ ಎಸಿ ಮೋಟಾರ್. ಬ್ಯಾಟರಿಯ ಡಿಸಿಯನ್ನು ಕಂಟ್ರೋಲರ್ ಮೂರು ಫೇಸಾಗಿ ಕಡೆದು ಕೊಡುತ್ತದೆ. ಇಂಡಕ್ಷನ್ ಮೋಟಾರಿನಲ್ಲಿ ಸುತ್ತುವ ಕಾಂತಕ್ಷೇತ್ರದ ಹಿಂದೆ ಹಿಂದೆ ರೋಟರ್ ಸ್ವಲ್ಪ ತಡವಾಗಿ ಸುತ್ತಬೇಕು. ಆ ಹಿಂದುಳಿಯುವಿಕೆಯಿಂದಲೇ ಎಳೆತ ಹುಟ್ಟುತ್ತದೆ. ಎಷ್ಟು ಹಿಂದುಳಿದಿದೆ ಎಂದು ಕಂಟ್ರೋಲರಿಗೆ ತಿಳಿಸುವುದು ಎನ್‌ಕೋಡರ್, ಸಾಮಾನ್ಯವಾಗಿ ಬೇರಿಂಗಿನಲ್ಲೇ ಕೂಡಿಸಿದ್ದು. ಅದರಿಂದ ಎರಡು ಸಿಗ್ನಲ್ ಬರುತ್ತವೆ, ಒಂದಕ್ಕಿಂತ ಇನ್ನೊಂದು ಕಾಲು ಹೆಜ್ಜೆ ಹಿಂದೆ. ಯಾವುದು ಮೊದಲು ಬಂತು ಎಂಬುದರಿಂದ ದಿಕ್ಕು ತಿಳಿಯುತ್ತದೆ.

ಒಂದು ಸಿಗ್ನಲ್ ಹೋದರೆ ಗಾಡಿ ನಡುಗುತ್ತದೆ, ತೆವಳುತ್ತದೆ, ದಮ್ಮು ಕಟ್ಟಿದವರ ಹಾಗೆ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತದೆ. ಎತ್ತಿದ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸುತ್ತಾ ಎರಡೂ ಸಿಗ್ನಲ್ ವೈರುಗಳಲ್ಲಿ ವೋಲ್ಟೇಜ್ ಮೇಲೆ-ಕೆಳಗೆ ಹಾರುತ್ತದೆಯೇ ನೋಡಿ. ಒಂದು ಹಾರುತ್ತದೆ, ಇನ್ನೊಂದು ಹಾಗೇ ನಿಂತಿದೆ ಎಂದರೆ ಸಿಕ್ಕಿತು. ಬೇರಿಂಗ್ ಬದಲಿಸುವ ಮೊದಲು ಅದರ ಪ್ಲಗ್ಗಿನ ಪಿನ್ ನೋಡಿ. ಹತ್ತರಲ್ಲಿ ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ, ಆದರೆ ಪ್ಲಗ್ ತೊಳೆದು ಬಿಲ್ ಮಾಡದೆ ಬಂದ ದಿನಗಳು ಸಾಕಷ್ಟಿವೆ.

ಶಾಖದ ಸೆನ್ಸರ್ ಮೋಟಾರಿನ ಸುರುಳಿಯೊಳಗಿರುತ್ತದೆ. ಬಹಳ ಕಡೆ ಕಾಣುವ ಕೆಟಿವೈ84-130 ಎಂಬುದು 30 ಡಿಗ್ರಿಗೆ ಸುಮಾರು 626 ಓಮ್, 100 ಡಿಗ್ರಿಗೆ 1000 ಓಮ್ ತೋರಿಸುತ್ತದೆ. ಪಿಟಿ1000 ಆದರೆ 30 ಡಿಗ್ರಿಗೆ 1117ರ ಹತ್ತಿರ. ಬೆಳಿಗ್ಗೆ ತಣ್ಣಗಿರುವಾಗಲೇ ಗಾಡಿ ಕುಂಟುತ್ತಿದ್ದರೆ ಈ ಎರಡು ವೈರುಗಳ ಓಮ್ ಅಳೆಯಿರಿ. ಕೆಟಿವೈ ಇರುವಲ್ಲಿ ಪಿಟಿ1000 ಹಾಕಿದರೆ ತಣ್ಣನೆಯ ಮೋಟಾರೂ ನೂರು ಡಿಗ್ರಿ ದಾಟಿದಂತೆ ಕಂಟ್ರೋಲರಿಗೆ ಕಾಣುತ್ತದೆ. ಕೆಟಿವೈಗೆ ಪ್ಲಸ್-ಮೈನಸ್ ಉಂಟು, ಅದಲುಬದಲಾಗಬಾರದು.

ಹೊಸ ಗಾಡಿಗಳಲ್ಲಿ ಡಿಸ್‌ಪ್ಲೇ, ಕಂಟ್ರೋಲರ್, ಲಿಥಿಯಂ ಬ್ಯಾಟರಿಯ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಸರ್ಕ್ಯೂಟ್) ಎಲ್ಲ ಪರಸ್ಪರ ಮಾತಾಡುವುದು ಹೆಣೆದ ಎರಡು ವೈರಿನ ಕ್ಯಾನ್ ಲೈನಿನಲ್ಲಿ. ಕರೆಂಟು ಪೂರ್ತಿ ತೆಗೆದು ಆ ಎರಡು ವೈರಿನ ನಡುವೆ ಓಮ್ ಅಳೆದರೆ 60 ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ.

ಘಟ್ಟದ ಮೇಲೆ ಬೇರೆ ಕಥೆ

ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದರೆ ಉಪ್ಪಿನ ಕಾಟ ಇಲ್ಲ. ಅಡಿಕೆ ಗೋದಾಮುಗಳಲ್ಲಿ ಹೆಚ್ಚಾಗಿ ನಡೆದುಕೊಂಡೇ ಓಡಿಸುವ 24 ವೋಲ್ಟಿನ ಸ್ಟ್ಯಾಕರ್‌ಗಳು. ಅಲ್ಲಿ ಧೂಳು ಮತ್ತು ಇಲಿ. ಇವುಗಳ ಹ್ಯಾಂಡಲ್ ಪೂರ್ತಿ ಮೇಲಿದ್ದರೂ ಬ್ರೇಕ್, ಪೂರ್ತಿ ಕೆಳಗಿದ್ದರೂ ಬ್ರೇಕ್. ನಡುವಿನಲ್ಲಿ ಮಾತ್ರ ಓಟ. ಹ್ಯಾಂಡಲಿನ ಬುಡದ ಮೈಕ್ರೋಸ್ವಿಚ್ಚಿಗೆ ಧೂಳು ಸೇರಿದರೆ ಬ್ರೇಕ್ ಬಿಡುವ "ಟಕ್" ಸದ್ದೇ ಬರುವುದಿಲ್ಲ. ಹ್ಯಾಂಡಲಿನ ಮೂತಿಯಲ್ಲಿರುವ ಕೆಂಪು ಗುಂಡಿ, ಹೊಟ್ಟೆಗೆ ತಾಗಿದರೆ ಗಾಡಿಯನ್ನು ತಿರುಗಿ ಓಡಿಸುವುದು, ಅದನ್ನು ವಾರಕ್ಕೊಮ್ಮೆ ಒತ್ತಿ ನೋಡಿ. ಚೀಲದ ರಾಶಿಗೂ ಗಾಡಿಗೂ ನಡುವೆ ಸಿಕ್ಕಿಕೊಂಡವನನ್ನು ಉಳಿಸುವುದು ಅದೊಂದೇ.

ಮಳೆಗಾಲಕ್ಕೆ ನಿಲ್ಲಿಸುವಾಗ, ಮತ್ತೆ ತೆಗೆಯುವಾಗ

ಮೇ ಕೊನೆಗೆ ಲೆಡ್-ಆಸಿಡ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ತಲೆ ಒರೆಸಿ, ಕನೆಕ್ಟರ್ ಬಿಚ್ಚಿಡಿ. ಜೂನ್ ಕೊನೆಗೊಮ್ಮೆ ಮತ್ತೆ ಚಾರ್ಜ್ ಕೊಡಿ. ಹಸಿದು ನಿಂತ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾದರೆ ಅದು ಕರಗುವುದು ಕಷ್ಟ. ಲಿಥಿಯಂ ಆದರೆ ತುಂಬಿಸಿಡಬೇಡಿ, ಅರ್ಧದ ಆಸುಪಾಸಿನಲ್ಲಿಟ್ಟು ಕನೆಕ್ಟರ್ ಬಿಚ್ಚಿ; ಬಿಎಂಎಸ್ ತಾನೂ ಸ್ವಲ್ಪ ತಿನ್ನುತ್ತಿರುತ್ತದೆ, ತಿಂಗಳಿಗೊಮ್ಮೆ ನೋಡಿ.

ಪ್ಲಗ್ಗುಗಳನ್ನು ಬಿಚ್ಚಿ ಕಾಂಟಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಕರೆಂಟು ಹರಿಯದ ಸಿಲಿಕಾನ್ ಗ್ರೀಸನ್ನು ರಬ್ಬರ್ ಸೀಲಿಗೆ ತೆಳ್ಳಗೆ ಸವರಿ. ಪಿನ್ನುಗಳನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲದೊಳಗೆ ಪಿನ್ನೇ ಇರುವುದಿಲ್ಲ. ಮೀನಿನ ವಾಸನೆ ಹೋಗಲೆಂದು ಪ್ರೆಶರ್ ಪಂಪಿನಲ್ಲಿ ಗಾಡಿ ತೊಳೆಯುವುದನ್ನು ಯಾರಾದರೂ ತಡೆದರೆ ನನ್ನ ಅರ್ಧ ಕೆಲಸ ಕಡಿಮೆಯಾದೀತು. ಮೈನಸ್ 18 ಡಿಗ್ರಿಯ ಕೋಲ್ಡ್ ಸ್ಟೋರೇಜಿಗೆ ಹೋಗಿ ಬರುವ ಗಾಡಿಯದು ಇನ್ನೊಂದು ಗೋಳು: ಹೊರಗಿನ ಸೆಖೆಗೆ ಬಂದ ಕೂಡಲೇ ಸೆನ್ಸರ್‌ಗಳ ಮೇಲೆಲ್ಲ ಬೆವರು ಕೂರುತ್ತದೆ. ಅದನ್ನು ಒಳಗೇ ಇರಲು ಬಿಡಿ ಅಥವಾ ಹೊರಗೇ, ಗಂಟೆಗೆ ನಾಲ್ಕು ಸಲ ಒಳಗೆ-ಹೊರಗೆ ಮಾಡಬೇಡಿ.

ಆಗಸ್ಟಿನಲ್ಲಿ ತೆಗೆಯುವ ದಿನ ಮೊದಲು ಸೋರಿಕೆ ನೋಡಿ, ಆಮೇಲೆ ಸೆಲ್ಲುಗಳು, ಆಮೇಲೆ "ಟಕ್", ಆಮೇಲೆ ಸ್ವಿಚ್ಚುಗಳು. ಚಕ್ರ ಎತ್ತಿಯೇ ಮುಂದೆ-ಹಿಂದೆ ಓಡಿಸಿ. ಕೆಳಗಿಳಿಸಿ ಖಾಲಿ ಗಾಡಿಯನ್ನು ಅಂಗಳದಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸಿ. ಕೀ ತೆಗೆದು, ಕನೆಕ್ಟರ್ ಬಿಚ್ಚಿ, ಕೆಪಾಸಿಟರ್ ಖಾಲಿಯಾದ ಮೇಲೆ ಕೇಬಲಿನ ಲಗ್ಗುಗಳನ್ನು ಒಂದೊಂದಾಗಿ ಕೈಯಿಂದ ಮುಟ್ಟಿ. ಉಳಿದವಕ್ಕಿಂತ ಬೆಚ್ಚಗಿರುವುದರ ನೆಟ್ಟನ್ನು ಬಿಚ್ಚಿ, ಉಜ್ಜಿ, ಬಿಗಿ ಮಾಡಿದ ಮೇಲೆ ಮೊದಲ ಬಾಂಗಡೆ ಬಾಕ್ಸ್ ಎತ್ತಬಹುದು.